ಪ್ರಯೋಗಶಾಲೆಯಿಂದ ಚಿಕಿತ್ಸಾಲಯಕ್ಕೆ: ನ್ಯಾನೋಗುಳ್ಳೆಗಳ ಔಷಧಸಾಗಣೆಯನ್ನು ಕುರಿತ ಸಾಹಿತ್ಯದ ಒಂದು ವಿಮರ್ಶೆ

೧

ಅಲ್ಟ್ರಾಸೌಂಡ್ ಎಂದು ರೂಢಿಯಲ್ಲಿರುವ ಶ್ರವಣಾತೀತ ಧ್ವನಿಯ ನೆರವಿನಿಂದ ಔಷಧವನ್ನು ದೇಹದೊಳಗೆ ಬೇಕಾದ ಸ್ಥಳದಲ್ಲಿಯೇ ಬಿಡುಗಡೆ ಮಾಡುವ ಪ್ರಯತ್ನಗಳನ್ನು ಕುರಿತು ಕಳೆದ ಎರಡು ದಶಕಗಳಲ್ಲಿ ವಿಪುಲವಾದ ಸಾಹಿತ್ಯ ಬೆಳೆದಿದೆ. ಅನಿಲವನ್ನು ತುಂಬಿದ, ಕೊಬ್ಬಿನ ಜಾತಿಯ ತೆಳುವಾದ ಕವಚವುಳ್ಳ ಅತಿ ಸಣ್ಣ ಗುಳ್ಳೆಗಳನ್ನು ರಕ್ತಕ್ಕೆ ಸೇರಿಸಿ, ರೋಗವಿರುವ ಸ್ಥಳದ ಮೇಲೆ ಮಾತ್ರ ಹೊರಗಿನಿಂದ ಧ್ವನಿಯನ್ನು ಹಾಯಿಸಿದರೆ, ಆ ಗುಳ್ಳೆಗಳು ಅಲ್ಲಿಯೇ ಕಂಪಿಸಿ ಅಥವಾ ಒಡೆದು ಔಷಧಕ್ಕೆ ದಾರಿಮಾಡಿಕೊಡುತ್ತವೆ ಎಂಬುದು ಇದರ ತಿರುಳು. ದೇಹವೆಲ್ಲವನ್ನೂ ವಿಷಕ್ಕೆ ಒಡ್ಡದೆ ಗಡ್ಡೆಯೊಂದಕ್ಕೇ ಮದ್ದು ಕೊಡುವ ಆಸೆ ಸಾಮಾನ್ಯವಾದುದಲ್ಲ. ಕ್ಯಾನ್ಸರಿನ ಔಷಧಗಳಿಂದ ಬಳಲಿದವರನ್ನು ಮನೆಯಲ್ಲಿ ಕಂಡಿರುವ ಯಾರೂ ಆ ಆಸೆಯನ್ನು ಹಗುರವಾಗಿ ಕಾಣಲಾರರು.

ಈ ವಿಷಯದ ಸಮೀಕ್ಷಾಲೇಖನಗಳಲ್ಲಿ ಪದೇ ಪದೇ ಬರುವ ಮಾತೊಂದುಂಟು: 'ಪ್ರಯೋಗಶಾಲೆಯಿಂದ ಚಿಕಿತ್ಸಾಲಯಕ್ಕೆ'. ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಅದು ಉಪಸಂಹಾರದಲ್ಲಾದರೂ ಇರುತ್ತದೆ. ಈ ಮಾತು ಒಂದು ನೇರವಾದ ದಾರಿಯನ್ನು ಕಲ್ಪಿಸುತ್ತದೆ. ದಾರಿಯ ಒಂದು ಕೊನೆಯಲ್ಲಿ ಪ್ರಯೋಗಶಾಲೆ, ಇನ್ನೊಂದು ಕೊನೆಯಲ್ಲಿ ಚಿಕಿತ್ಸಾಲಯ, ನಡುವೆ ಕೆಲವು ತಾಂತ್ರಿಕ ಅಡ್ಡಿಗಳು. ಅಡ್ಡಿಗಳು ನಿವಾರಣೆಯಾದರೆ ಗುಳ್ಳೆಯು ತನ್ನ ಊರನ್ನು ತಲುಪಿತೆಂದು ಅರ್ಥ. ಈ ಕಲ್ಪನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭೌತವಿಜ್ಞಾನಿಯೂ ಅಲ್ಲದ, ವೈದ್ಯನೂ ಅಲ್ಲದ ಇತಿಹಾಸದ ಬೋಧಕನಿಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಈ ಸಾಹಿತ್ಯವು ಮುಂದಿಡುವ ಮನುಷ್ಯಸಂಬಂಧಿಯಾದ ಆಧಾರಗಳಲ್ಲಿ ಮುಖ್ಯವಾದುದೊಂದು ಹಳೆಯ ದಾಖಲೆಗಳೊಡನೆ ಮಾಡಿದ ಹೋಲಿಕೆಯಾಗಿದೆ. ಹಳೆಯ ದಾಖಲೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಚನೆ ಇತಿಹಾಸದ ವಿದ್ಯಾರ್ಥಿಗೆ ಹೊರಗಿನದಲ್ಲ. ಜೊತೆಗೆ, ಶ್ರವಣಾತೀತ ಧ್ವನಿಯು ಪ್ರಯೋಗಶಾಲೆಯಿಂದ ಚಿಕಿತ್ಸಾಲಯಕ್ಕೆ ಬರುವುದು ನಮ್ಮ ದೇಶದಲ್ಲಿ ಮೊದಲ ಸಲವಲ್ಲ. ಒಮ್ಮೆ ಬಂದಾಗ ಏನಾಯಿತೆಂಬುದು ಈಗ ಇತಿಹಾಸಕ್ಕೆ ಸೇರಿದ ವಿಷಯ.

೨

ಮೊದಲು ಗುಳ್ಳೆಯ ಸ್ವರೂಪವನ್ನು ನೋಡೋಣ. ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಸೂಕ್ಷ್ಮಗುಳ್ಳೆ. ಅದರ ವ್ಯಾಸ ಕೆಲವು ಮೈಕ್ರೋಮೀಟರುಗಳು; ಎಂದರೆ ಕೆಂಪು ರಕ್ತಕಣದ ಗಾತ್ರ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ೧೯೬೮ರಲ್ಲಿ ಗ್ರಾಮಿಯಾಕ್ ಮತ್ತು ಪ್ರವೀಣ್ ಷಾ ಎಂಬವರು, ಹೃದಯದ ಬಳಿ ದ್ರಾವಣವನ್ನು ಚುಚ್ಚಿದಾಗ ಪ್ರತಿಧ್ವನಿಯು ಹೆಚ್ಚುವುದನ್ನು ವರದಿ ಮಾಡಿದರು. ದ್ರಾವಣದೊಡನೆ ಸೇರಿದ್ದ ಗಾಳಿಯ ಗುಳ್ಳೆಗಳೇ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಆ ಗುಳ್ಳೆಗಳನ್ನು ಬೇಕೆಂದೇ ತಯಾರಿಸಿ ಮಾರುವುದಕ್ಕೆ ಸುಮಾರು ಕಾಲು ಶತಮಾನ ಹಿಡಿಯಿತು. ಅಮೆರಿಕದಲ್ಲಿ ಇಂಥ ಮೊದಲ ತಯಾರಿಕೆಗೆ ಅನುಮತಿ ದೊರೆತದ್ದು ೧೯೯೪ರಲ್ಲಿ. ಅವುಗಳ ಉದ್ದೇಶ ಔಷಧವನ್ನು ಹೊರುವುದಾಗಿರಲಿಲ್ಲ. ಹೃದಯದ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡುವುದಷ್ಟೇ ಆಗಿತ್ತು.

ಸೂಕ್ಷ್ಮಗುಳ್ಳೆಯು ರಕ್ತನಾಳವನ್ನು ಬಿಟ್ಟು ಹೊರಗೆ ಹೋಗಲಾರದು. ಕೆಲವು ಬಗೆಯ ಗಡ್ಡೆಗಳ ರಕ್ತನಾಳಗಳಲ್ಲಿ ಕೆಲವು ನೂರು ನ್ಯಾನೋಮೀಟರುಗಳಷ್ಟು ಅಗಲದ ಬಿರುಕುಗಳಿರುತ್ತವೆಂದು ಪ್ರಾಣಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಅವುಗಳ ಮೂಲಕ ನುಸುಳಬಲ್ಲ ಇನ್ನೂ ಸಣ್ಣ ಗುಳ್ಳೆಯನ್ನು ಮಾಡಬೇಕೆಂಬ ಆಲೋಚನೆಯಿಂದ ನ್ಯಾನೋಗುಳ್ಳೆ ಹುಟ್ಟಿತು. ತರ್ಕವೇನೋ ಸುಂದರವಾಗಿದೆ. ಆದರೆ ಗಾತ್ರವನ್ನು ಕುಗ್ಗಿಸಿದೊಡನೆ ಮೂರು ಕಷ್ಟಗಳು ಎದುರಾಗುತ್ತವೆ.

ಮೊದಲನೆಯದು ಬಾಳಿಕೆ. ದ್ರವದಲ್ಲಿರುವ ಗುಳ್ಳೆಯ ಒಳಗಿನ ಒತ್ತಡವು ಅದರ ತ್ರಿಜ್ಯ ಕಡಿಮೆಯಾದಂತೆ ಏರುತ್ತದೆ. ಕವಚವಿಲ್ಲದ, ೨೦೦ ನ್ಯಾನೋಮೀಟರ್ ವ್ಯಾಸದ ಗುಳ್ಳೆ ಶುದ್ಧವಾದ ನೀರಿನಲ್ಲಿದ್ದರೆ, ಅದರೊಳಗಿನ ಒತ್ತಡವು ಹೊರಗಿನದಕ್ಕಿಂತ ವಾತಾವರಣದ ಒತ್ತಡದ ಸುಮಾರು ೧೪ ಪಟ್ಟು ಹೆಚ್ಚಾಗಿರಬೇಕಾಗುತ್ತದೆ. ಇಂಥ ಗುಳ್ಳೆಯಿಂದ ಅನಿಲವು ಕ್ಷಣಮಾತ್ರದಲ್ಲಿ ಕರಗಿಹೋಗಬೇಕೆಂಬುದು ೧೯೫೦ರಲ್ಲಿ ಎಪ್‌ಸ್ಟೈನ್ ಮತ್ತು ಪ್ಲೆಸೆಟ್ ಮಾಡಿದ ಲೆಕ್ಕದಿಂದ ಹೊರಡುವ ತೀರ್ಮಾನ. ಕವಚದ ರಚನೆಯಿಂದಲೂ, ನೀರಿನಲ್ಲಿ ಸುಲಭವಾಗಿ ಕರಗದ ಫ್ಲೂರಿನ್‌ಯುಕ್ತ ಅನಿಲಗಳಿಂದಲೂ ಇದನ್ನು ತಡೆಯುತ್ತಾರೆ. ಅದು ಎಷ್ಟು ಕಾಲ, ಎಂಥ ಸಂಗ್ರಹದಲ್ಲಿ, ಎಷ್ಟು ಏಕರೂಪವಾಗಿ ಉಳಿಯುತ್ತದೆಂಬುದು ಪ್ರತಿಯೊಂದು ತಯಾರಿಕೆಗೂ ಬೇರೆಯಾಗಿ ಉತ್ತರಿಸಬೇಕಾದ ಪ್ರಶ್ನೆ.

ಎರಡನೆಯದು ಧ್ವನಿಗೆ ಸ್ಪಂದಿಸುವ ಗುಣ. ಸರಳವಾದ ಲೆಕ್ಕದಂತೆ, ಈ ಗಾತ್ರದ ಗುಳ್ಳೆ ತನ್ನ ಸಹಜ ಕಂಪನಕ್ಕೆ ೩೦ ಮೆಗಾಹರ್ಟ್ಸ್‌ಗೂ ಮೀರಿದ ಧ್ವನಿಯನ್ನು ಬಯಸುತ್ತದೆ. ಉದರದಂಥ ಆಳವಾದ ಭಾಗಗಳನ್ನು ನೋಡುವ ಯಂತ್ರಗಳು ಬಳಸುವುದಾದರೋ ಕೆಲವೇ ಮೆಗಾಹರ್ಟ್ಸ್. ಆದರೂ ನ್ಯಾನೋಗುಳ್ಳೆಗಳು ಇಂಥ ಯಂತ್ರಗಳಿಗೆ ಪ್ರತಿಧ್ವನಿ ಕೊಟ್ಟಿವೆ ಎಂದು ವರದಿಗಳಿವೆ. ಕಾರಣವನ್ನು ಕವಚದ ಮಡಿಕೆಯಲ್ಲಿ ಹುಡುಕುವವರಿದ್ದಾರೆ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎನ್ನುವವರಿದ್ದಾರೆ. ಮಾದರಿಯಲ್ಲಿ ಬೆರೆತುಕೊಂಡ ಕೆಲವೇ ದೊಡ್ಡ ಗುಳ್ಳೆಗಳ ಕೆಲಸವನ್ನು ಸಣ್ಣವುಗಳ ಲೆಕ್ಕಕ್ಕೆ ಬರೆದಿರಬಹುದೆಂಬ ಸಂದೇಹವನ್ನೂ ತಳ್ಳಿಹಾಕುವಂತಿಲ್ಲ.

ಮೂರನೆಯದು ಹೊರೆ. ೨೦೦ ನ್ಯಾನೋಮೀಟರಿನ ಗುಳ್ಳೆಯ ಘನಗಾತ್ರವು ೨ ಮೈಕ್ರೋಮೀಟರಿನ ಗುಳ್ಳೆಯದರ ಸಾವಿರದಲ್ಲಿ ಒಂದು ಪಾಲು. ಮೇಲ್ಮೈ ನೂರರಲ್ಲಿ ಒಂದು ಪಾಲು. ಕವಚಕ್ಕೆ ಅಂಟಿಸಿ ಸಾಗಿಸುವ ಔಷಧದ ಪ್ರಮಾಣವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ನ್ಯಾನೋಕಣಗಳ ವಿಷಯದಲ್ಲಿ ೨೦೧೬ರಲ್ಲಿ ಟೊರಾಂಟೋದ ವಿದ್ವಾಂಸರು ಹಿಂದಿನ ಹತ್ತು ವರ್ಷಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರಾಣಿಗಳಿಗೆ ಕೊಟ್ಟ ಪ್ರಮಾಣದಲ್ಲಿ ಗಡ್ಡೆಯನ್ನು ಸೇರಿದ್ದರ ಮಧ್ಯಾಂಕವು ಶೇಕಡಾ ೦.೭ ಮಾತ್ರವೆಂದು ಕಂಡುಬಂದಿತು. ಬಿರುಕುಗಳ ಮೂಲಕ ನುಸುಳುವುದನ್ನೇ ನಂಬಿಕೊಂಡ ಯಾವ ವಾದಕ್ಕಾದರೂ ಈ ಸಂಖ್ಯೆ ಎಚ್ಚರಿಕೆಯಾಗಬೇಕು. ಧ್ವನಿಯ ಪಕ್ಷದವರು ಇದನ್ನು ತಮ್ಮ ಪರವಾಗಿಯೇ ಬಳಸಿಕೊಳ್ಳುತ್ತಾರೆ: ತಾನಾಗಿ ನುಸುಳುವುದು ಇಷ್ಟು ಕಡಿಮೆಯಾದ್ದರಿಂದಲೇ ಹೊರಗಿನ ಒತ್ತಾಸೆ ಬೇಕು ಎಂದು. ಈ ಉತ್ತರದಲ್ಲಿ ನ್ಯಾಯವಿದೆ. ಆದರೆ ಹಾಗೆಂದಮೇಲೆ ನುಸುಳುವಿಕೆಗಾಗಿಯೇ ಗುಳ್ಳೆಯನ್ನು ಕುಗ್ಗಿಸಿದ ಮೊದಲಿನ ತರ್ಕದ ಬಲ ಅಷ್ಟರಮಟ್ಟಿಗೆ ತಗ್ಗುತ್ತದೆಂಬುದನ್ನೂ ಒಪ್ಪಿಕೊಳ್ಳಬೇಕು.

೩

ಇನ್ನು ಮನುಷ್ಯರಿಂದ ದೊರೆತ ಸಾಕ್ಷ್ಯಕ್ಕೆ ಬರೋಣ. ಈ ಸಾಹಿತ್ಯವು ಬಹುವಾಗಿ ಉಲ್ಲೇಖಿಸುವ ವರದಿಗಳಲ್ಲೊಂದು ನಾರ್ವೆ ದೇಶದ ಬರ್ಗೆನ್ ನಗರದ್ದು, ೨೦೧೬ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಒಳಪಡದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಹತ್ತು ಮಂದಿ ರೋಗಿಗಳಿಗೆ ಜೆಮ್‌ಸಿಟಬೀನ್ ಎಂಬ ಪ್ರಚಲಿತ ಔಷಧವನ್ನು ಕೊಟ್ಟು, ಅದರ ಹಿಂದೆಯೇ ಸೂಕ್ಷ್ಮಗುಳ್ಳೆಗಳನ್ನು ಚುಚ್ಚಿ, ಸಾಮಾನ್ಯವಾದ ಸ್ಕ್ಯಾನಿಂಗ್ ಯಂತ್ರದಿಂದ ಗಡ್ಡೆಯ ಮೇಲೆ ಧ್ವನಿಯನ್ನು ಹಾಯಿಸಿದರು. ಅದೇ ಆಸ್ಪತ್ರೆಯಲ್ಲಿ ಹಿಂದೆ ಜೆಮ್‌ಸಿಟಬೀನ್ ಮಾತ್ರ ಪಡೆದಿದ್ದ ೬೩ ಮಂದಿಯ ದಾಖಲೆಗಳೊಡನೆ ಹೋಲಿಸಿದಾಗ, ಬದುಕುಳಿದ ಅವಧಿಯ ಮಧ್ಯಾಂಕವು ೮.೯ ತಿಂಗಳುಗಳಿಂದ ೧೭.೬ ತಿಂಗಳುಗಳಿಗೆ ಏರಿತ್ತು. ಹೊಸ ವಿಷಬಾಧೆ ಕಂಡುಬರಲಿಲ್ಲ.

ಈ ಕೆಲಸದ ಪ್ರಾಮಾಣಿಕತೆಯಲ್ಲಿ ನಮಗೆ ಸಂದೇಹವಿಲ್ಲ. ಸುರಕ್ಷಿತತೆಯನ್ನು ಅರಿಯುವ ಮೊದಲ ಹಂತದ ಪರೀಕ್ಷೆಯಾಗಿ ಅದು ಗೌರವಕ್ಕೆ ಅರ್ಹವಾದುದು. ನಮ್ಮ ಆಕ್ಷೇಪವಿರುವುದು ಅದನ್ನು ಉದ್ಧರಿಸುವ ರೀತಿಯಲ್ಲಿ. ಮೊದಲನೆಯದಾಗಿ, ಅಲ್ಲಿದ್ದವು ನ್ಯಾನೋಗುಳ್ಳೆಗಳಲ್ಲ. ಅವು ಔಷಧವನ್ನು ಹೊತ್ತೂ ಇರಲಿಲ್ಲ. ಚಿತ್ರಕ್ಕಾಗಿ ಮಾರುವ ಸೂಕ್ಷ್ಮಗುಳ್ಳೆ ಒಂದು ಕಡೆ, ನರಕ್ಕೆ ಬೇರೆಯಾಗಿ ಕೊಟ್ಟ ಔಷಧ ಇನ್ನೊಂದು ಕಡೆ. ಇದನ್ನು ಔಷಧವಾಹಕ ನ್ಯಾನೋಗುಳ್ಳೆಯ ಮುನ್ನುಡಿಯಾಗಿ ನಿಲ್ಲಿಸುವುದು, ಒಂದು ಶಾಸನವನ್ನು ಓದಿ ಅದನ್ನು ಬೇರೊಬ್ಬ ಅರಸನ ಲೆಕ್ಕಕ್ಕೆ ಹಾಕಿದಂತೆ ಆಗುತ್ತದೆ.

ಎರಡನೆಯದಾಗಿ, ಹಿಂದಿನ ರೋಗಿ ಇಂದಿನ ರೋಗಿಗೆ ಸಮಾನನೆಂದು ಹೇಗೆ ತಿಳಿಯುವುದು? ಹೊಸ ಪರೀಕ್ಷೆಗೆ ಒಪ್ಪಿ, ಪ್ರತಿಸಲವೂ ಹೆಚ್ಚಿನ ಹೊತ್ತು ಯಂತ್ರದ ಕೆಳಗೆ ಮಲಗಬಲ್ಲವರು ರೋಗಿಗಳಲ್ಲಿಯೇ ತಕ್ಕಮಟ್ಟಿಗೆ ಗಟ್ಟಿಯಾದವರಾಗಿರಬಹುದು. ಪರೀಕ್ಷೆಯಲ್ಲಿದ್ದವರು ಸರಾಸರಿಯಲ್ಲಿ ಹೆಚ್ಚು ಆವೃತ್ತಿಗಳ ಔಷಧವನ್ನು ತೆಗೆದುಕೊಂಡರೆಂಬುದನ್ನೂ ಲಾಭದ ಗುರುತಾಗಿ ಹೇಳಲಾಗಿದೆ. ಆದರೆ ಹೆಚ್ಚು ಕಾಲ ಬದುಕಿದವನಿಗೆ ಹೆಚ್ಚು ಆವೃತ್ತಿಗಳು ಸಲ್ಲುವುದು ಸಹಜ. ಆವೃತ್ತಿಗಳಿಂದ ಬದುಕು ಹೆಚ್ಚಿತೋ, ಬದುಕಿನಿಂದ ಆವೃತ್ತಿಗಳು ಹೆಚ್ಚಿದವೋ ಎಂಬುದನ್ನು ಹತ್ತು ಜನರ ದಾಖಲೆ ನಿರ್ಣಯಿಸಲಾರದು.

ಹಿಂದಿನ ದಾಖಲೆಗಳೆಲ್ಲವೂ ನಿರುಪಯುಕ್ತವೆಂದು ಇದರ ಅರ್ಥವಲ್ಲ. ೨೦೦೭ರ ಅಕ್ಟೋಬರಿನಲ್ಲಿ, ಗುಳ್ಳೆಗಳನ್ನು ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿ ಸಂಭವಿಸಿದ ಕೆಲವು ಮರಣಗಳ ವರದಿಗಳನ್ನು ಆಧರಿಸಿ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ಕಠಿಣವಾದ ಎಚ್ಚರಿಕೆಯನ್ನು ಹೊರಡಿಸಿದರು. ಆಸ್ಪತ್ರೆಗಳ ಬಹುಸಂಖ್ಯೆಯ ದಾಖಲೆಗಳನ್ನು ಶೋಧಿಸಿ, ಗುಳ್ಳೆ ಪಡೆದವರಲ್ಲಿ ಮರಣವು ಪಡೆಯದವರಿಗಿಂತ ಹೆಚ್ಚಿರಲಿಲ್ಲವೆಂದು ವೈದ್ಯರು ತೋರಿಸಿದರು. ೨೦೦೮ರಲ್ಲಿಯೇ ನಿರ್ಬಂಧಗಳನ್ನು ಸಡಿಲಿಸಲಾಯಿತು. ಇಲ್ಲಿ ಭೂತಕಾಲದ ದಾಖಲೆಯೇ ನ್ಯಾಯವನ್ನು ದೊರಕಿಸಿಕೊಟ್ಟಿತು. ಸಂಖ್ಯೆ ದೊಡ್ಡದಾಗಿದ್ದುದೂ, ಕೇಳಿದ ಪ್ರಶ್ನೆ ಚಿಕ್ಕದಾಗಿದ್ದುದೂ ಅದಕ್ಕೆ ಕಾರಣ.

ಇದಕ್ಕೆ ವಿರುದ್ಧವಾದ ಪಾಠವು ಥರ್ಮೋಡಾಕ್ಸ್ ಎಂಬ ಔಷಧದಿಂದ ದೊರೆಯುತ್ತದೆ. ಹೊರಗಿನಿಂದ ಕೊಟ್ಟ ಶಾಖಕ್ಕೆ ಕರಗಿ ಔಷಧವನ್ನು ಬಿಡುವ ಕೊಬ್ಬಿನ ಕೋಶ ಇದು; ನ್ಯಾನೋಗುಳ್ಳೆಯ ಹತ್ತಿರದ ನೆಂಟ. ಯಕೃತ್ತಿನ ಕ್ಯಾನ್ಸರಿನ ೭೦೧ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯು ಉದ್ದೇಶಿತ ಫಲವನ್ನು ತೋರಲಿಲ್ಲವೆಂದು ೨೦೧೩ರಲ್ಲಿ ಪ್ರಕಟವಾಯಿತು. ಅನಂತರ ಅದೇ ದಾಖಲೆಗಳೊಳಗೆ ಹುಡುಕಿ, ಶಾಖವನ್ನು ೪೫ ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು ಕೊಟ್ಟ ೨೮೫ ಮಂದಿಯಲ್ಲಿ ಲಾಭವಿತ್ತೆಂದು ಕಂಡುಕೊಂಡರು. ಆ ಆಶೆಯ ಮೇಲೆ ೫೫೬ ಮಂದಿಯ ಮತ್ತೊಂದು ಪರೀಕ್ಷೆ ಏರ್ಪಟ್ಟಿತು. ೨೦೨೦ರಲ್ಲಿ ಅದೂ ವ್ಯರ್ಥವೆಂದು ಕಂಡಿತು. ಆಗಿಹೋದುದರಲ್ಲಿ ನಮಗೆ ಬೇಕಾದುದನ್ನು ಹುಡುಕಹೊರಟರೆ ಅದು ಬಹುತೇಕ ಸಿಕ್ಕಿಯೇ ಸಿಗುತ್ತದೆ ಎಂಬುದು ಇತಿಹಾಸಕಾರರು ತಮ್ಮ ತಪ್ಪುಗಳಿಂದಲೇ ಕಲಿತಿರುವ ಮಾತು.

ಸಣ್ಣ ಸಂಖ್ಯೆಯಲ್ಲಿಯೂ ಹೋಲಿಕೆಯನ್ನು ಚೊಕ್ಕಟವಾಗಿ ಮಾಡಬಹುದೆಂಬುದಕ್ಕೆ ೨೦೨೪ರ ಒಂದು ವರದಿ ನಿದರ್ಶನ. ಆಲ್ಜೈಮರ್ ರೋಗದ ಮೂವರಿಗೆ ನರದ ಮೂಲಕ ಔಷಧವನ್ನು ಕೊಟ್ಟು, ಸೂಕ್ಷ್ಮಗುಳ್ಳೆ ಮತ್ತು ಧ್ವನಿಯಿಂದ ಮೆದುಳಿನ ಒಂದು ಪಾರ್ಶ್ವದಲ್ಲಿ ಮಾತ್ರ ರಕ್ತಕ್ಕೂ ಮೆದುಳಿಗೂ ನಡುವಣ ತಡೆಯನ್ನು ತೆರೆದರು. ಇನ್ನೊಂದು ಪಾರ್ಶ್ವದ ಅಂಥದೇ ಭಾಗವನ್ನು ಹೋಲಿಕೆಗೆ ಇಟ್ಟುಕೊಂಡರು. ರೋಗಿಯೂ ಒಬ್ಬನೇ, ಕಾಲವೂ ಒಂದೇ. ರೋಗ ವಾಸಿಯಾಯಿತೆಂದು ಅದರಿಂದ ಹೇಳಲಾಗದು. ಆದರೆ ಧ್ವನಿ ಬಿದ್ದ ಕಡೆ ರೋಗದ ದ್ರವ್ಯವು ಹೆಚ್ಚಾಗಿ ಇಳಿಯಿತೆಂದು ಹೇಳುವುದಕ್ಕೆ ಅಲ್ಲಿ ಆಧಾರವಿದೆ. ಇಲ್ಲಿ ಕಾಲದ ಮಾತನ್ನೂ ಗಮನಿಸಬೇಕು. ಈ ಮಾರ್ಗವನ್ನು ಹೈನಿನೆನ್ ಮತ್ತು ಸಂಗಡಿಗರು ಮೊಲಗಳಲ್ಲಿ ತೋರಿಸಿದ್ದು ೨೦೦೧ರಲ್ಲಿ. ಟೊರಾಂಟೋದಲ್ಲಿ ಆಲ್ಜೈಮರ್ ರೋಗದ ಐವರ ಮೇಲೆ ನಡೆದ ಸುರಕ್ಷಿತತೆಯ ಪರೀಕ್ಷೆ ವರದಿಯಾದದ್ದು ೨೦೧೮ರಲ್ಲಿ.

೪

ಇಷ್ಟರವರೆಗೆ ದಾರಿಯ ಅಡ್ಡಿಗಳನ್ನು ಕುರಿತು ಹೇಳಿದೆವು. ಇನ್ನು ದಾರಿಯ ಕೊನೆಯೆಂದು ಕರೆಯಲಾಗುವ ಚಿಕಿತ್ಸಾಲಯವನ್ನು ಕುರಿತು ವಿಚಾರ ಮಾಡಬೇಕು. ಸಮೀಕ್ಷಾಲೇಖನಗಳಲ್ಲಿ ಬರುವ ಚಿಕಿತ್ಸಾಲಯಕ್ಕೆ ಊರಿಲ್ಲ, ಬೀದಿಯಿಲ್ಲ. ನಾವು ಅದಕ್ಕೆ ಒಂದು ಊರನ್ನು ಕೊಟ್ಟು ನೋಡೋಣ: ಬೆಂಗಳೂರಿನ ಪೂರ್ವಭಾಗದ ಜೋಗುಪಾಳ್ಯ.

ಶ್ರವಣಾತೀತ ಧ್ವನಿಯ ಶಾಸ್ತ್ರದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ೧೯೩೩ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ ಅವರು, ನಾಗೇಂದ್ರನಾಥ್ ಅವರೊಡನೆ ೧೯೩೫–೩೬ರಲ್ಲಿ, ಈ ಧ್ವನಿ ಹಾಯ್ದ ದ್ರವದಲ್ಲಿ ಬೆಳಕು ಹೇಗೆ ಚೆದುರುತ್ತದೆಂಬುದನ್ನು ವಿವರಿಸುವ ಸಿದ್ಧಾಂತವನ್ನು ಪ್ರಕಟಿಸಿದರು. ಅದೇ ಸಂಸ್ಥೆಯಲ್ಲಿ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಮತ್ತು ಸಂಗಡಿಗರು ಸೂಜಿಯಿಲ್ಲದೆ, ಸಣ್ಣ ಆಘಾತತರಂಗಗಳಿಂದ ಲಸಿಕೆಯನ್ನು ಚರ್ಮದೊಳಗೆ ಸೇರಿಸುವ ಕ್ರಮವನ್ನು ಇಲಿಗಳಲ್ಲಿ ಪರೀಕ್ಷಿಸಿ ೨೦೧೧ರಲ್ಲಿ ವರದಿ ಮಾಡಿದರು. ಅಲೆಯ ಬಲದಿಂದ ಔಷಧವನ್ನು ಒಳಸೇರಿಸುವ ಆಲೋಚನೆ ನಮ್ಮೂರಿಗೆ ಹೊರಗಿನದಲ್ಲವೆಂಬುದಕ್ಕೆ ಇದು ಸಾಕ್ಷಿ. ಜೋಗುಪಾಳ್ಯಕ್ಕೆ ಹತ್ತಿರವಾದ ಇಂದಿರಾನಗರದ ಸರ್ಕಾರಿ ಆಸ್ಪತ್ರೆಗೆ ಸರ್ ಸಿ. ವಿ. ರಾಮನ್ ಅವರ ಹೆಸರೇ ಇದೆ. ಆದರೆ ಹೆಸರಿನ ಸಂಬಂಧವನ್ನು ಕಾರ್ಯಕಾರಣ ಸಂಬಂಧವೆಂದು ತಿಳಿಯಬಾರದು. ರಾಮನ್ ಅವರ ಸಮೀಕರಣಗಳಿಂದ ಈ ಬಡಾವಣೆಯ ಸ್ಕ್ಯಾನಿಂಗ್ ಕೇಂದ್ರಗಳವರೆಗೆ ನೇರವಾದ ದಾರಿ ಇಲ್ಲ. ಯಂತ್ರವು ಸ್ವೀಡನ್ನಿನ ಲುಂಡ್, ಸ್ಕಾಟ್ಲೆಂಡಿನ ಗ್ಲಾಸ್ಗೋ ಮೊದಲಾದ ಊರುಗಳ ಆಸ್ಪತ್ರೆಗಳಲ್ಲಿ ರೂಪುಗೊಂಡು, ಮುಂದೆ ವ್ಯಾಪಾರದ ಮಾರ್ಗವಾಗಿ ಇಲ್ಲಿಗೆ ಬಂದಿತು.

ಬಂದಮೇಲೆ ಏನಾಯಿತು? ಹಲಸೂರು, ಜೋಗುಪಾಳ್ಯಗಳ ಕಡೆ ನಡೆದುಹೋಗುವವರು ಯಾವ ಸ್ಕ್ಯಾನಿಂಗ್ ಕೇಂದ್ರದೊಳಗೆ ಹೊಕ್ಕರೂ ಒಂದು ಫಲಕವನ್ನು ಕಾಣಬೇಕು: ಇಲ್ಲಿ ಭ್ರೂಣದ ಲಿಂಗವನ್ನು ತಿಳಿಸಲಾಗುವುದಿಲ್ಲ, ಅದು ಕಾನೂನಿನಂತೆ ಅಪರಾಧ ಎಂದು. ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಇಂಥ ಫಲಕ ಇರಲೇಬೇಕೆಂಬುದು ನಿಯಮ. ತಾಯಿಯ ಗರ್ಭವನ್ನು ಕಾಪಾಡಲೆಂದು ಬಂದ ಯಂತ್ರವು ಹೆಣ್ಣು ಮಗುವನ್ನು ಹುಟ್ಟುವ ಮೊದಲೇ ಗುರುತಿಸಿ ಕಳೆಯುವ ಸಾಧನವಾಯಿತು. ಅದನ್ನು ತಡೆಯಲು ೧೯೯೪ರಲ್ಲಿ ಕಾಯಿದೆಯಾಯಿತು, ೧೯೯೬ರಲ್ಲಿ ಜಾರಿಗೆ ಬಂದಿತು, ೨೦೦೩ರ ತಿದ್ದುಪಡಿಯಿಂದ ಬಿಗಿಯಾಯಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳ ಸಂಖ್ಯೆ ಭಾರತದಲ್ಲಿ ೧೯೯೧ರಲ್ಲಿ ೯೪೫, ೨೦೦೧ರಲ್ಲಿ ೯೨೭, ಕರ್ನಾಟಕದಲ್ಲಿ ಅದೇ ವರ್ಷಗಳಲ್ಲಿ ೯೬೦ ಮತ್ತು ೯೪೬, ೨೦೧೧ರಲ್ಲಿ ೯೪೮. ಇಳಿತದ ಹೊಣೆಯನ್ನೆಲ್ಲ ಯಂತ್ರದ ಮೇಲೆಯೇ ಹೊರಿಸುವುದು ಅವಿಚಾರ. ಹೆಣ್ಣುಮಕ್ಕಳ ಅನಾದರ ಯಂತ್ರಕ್ಕಿಂತ ಎಷ್ಟೋ ಹಳೆಯದು. ಆದರೆ ಹಳೆಯ ಅನಾದರದ ಕೈಗೆ ಹೊಸ ಕಣ್ಣೊಂದು ಸಿಕ್ಕಿತೆಂಬುದರಲ್ಲಿ ಅನುಮಾನವಿಲ್ಲ.

ಇದು ಮುಗಿದ ಕಥೆಯೂ ಅಲ್ಲ. ಜೋಗುಪಾಳ್ಯಕ್ಕೆ ಪೂರ್ವದಲ್ಲಿರುವ ಬೈಯಪ್ಪನಹಳ್ಳಿಯ ಪೊಲೀಸರು ೨೦೨೩ರಲ್ಲಿ ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರೆಂಬುದು ಅವರ ಆರೋಪ. ಕಬ್ಬಿನ ಹಾಲು ಕುದಿಸುವ ಸ್ಥಳಕ್ಕೆ ಯಂತ್ರ ಹೋಗಲು ಸಾಧ್ಯವಾದದ್ದು ಅದು ಸುಲಭವಾಗಿ ಒಯ್ಯಬಲ್ಲದ್ದಾದ್ದರಿಂದ. ಈಗ ನ್ಯಾನೋಗುಳ್ಳೆಯ ಸಾಹಿತ್ಯಕ್ಕೆ ಮರಳಿದರೆ, ಧ್ವನಿಯ ಗುಣಗಳನ್ನು ಅಲ್ಲಿ ಹೀಗೆ ಎಣಿಸಿರುವುದನ್ನು ಕಾಣುತ್ತೇವೆ: ಅಗ್ಗವಾದುದು, ವಿಕಿರಣದ ಭಯವಿಲ್ಲದುದು, ರೋಗಿಯ ಹಾಸಿಗೆಯ ಬಳಿಗೇ ಒಯ್ಯಬಹುದಾದುದು, ಎಲ್ಲೆಡೆಯೂ ದೊರೆಯುವುದು. ಇವೆಲ್ಲವೂ ನಿಜವಾದ ಗುಣಗಳೇ. ನಮ್ಮ ದೇಶದಲ್ಲಿ ಇವೇ ಗುಣಗಳು ಕಾಯಿದೆಯನ್ನು ಕರೆತಂದವೆಂಬುದನ್ನು ಮಾತ್ರ ಆ ಲೇಖನಗಳು ಅರಿತಂತಿಲ್ಲ.

ಇದರ ಪರಿಣಾಮ ಪ್ರಾಯೋಗಿಕವಾದುದು. ಗುಳ್ಳೆಯೊಳಗಿನ ಔಷಧವು ೨೦೧೯ರ ಹೊಸ ಔಷಧಗಳ ಮತ್ತು ಚಿಕಿತ್ಸಾಪರೀಕ್ಷೆಗಳ ನಿಯಮಗಳಿಗೆ ಒಳಪಡುತ್ತದೆ. ನ್ಯಾನೋ ಔಷಧಗಳ ಪರಿಶೀಲನೆಗೆ ಅದೇ ವರ್ಷ ಕೇಂದ್ರ ಸರ್ಕಾರವು ಮಾರ್ಗಸೂಚಿಯನ್ನು ಹೊರಡಿಸಿದೆ. ಧ್ವನಿಯ ಯಂತ್ರವು ೨೦೧೭ರ ವೈದ್ಯಕೀಯ ಉಪಕರಣಗಳ ನಿಯಮಗಳಿಗೆ ಸೇರುತ್ತದೆ. ಅದು ಗರ್ಭದ ಚಿತ್ರವನ್ನು ತೋರಿಸಬಲ್ಲದಾದರೆ ೧೯೯೪ರ ಕಾಯಿದೆಯ ನೋಂದಣಿಯೂ ಬೇಕು. ಒಂದೇ ಚಿಕಿತ್ಸೆಗೆ ಹಲವು ಬಾಗಿಲುಗಳು. ಗಡ್ಡೆಯನ್ನು ಕಣ್ಣಿಂದ ಕಂಡೇ ಧ್ವನಿಯನ್ನು ಹಾಯಿಸಬೇಕಾದ ಈ ವಿಧಾನದಲ್ಲಿ ಚಿತ್ರ ತೋರುವ ಯಂತ್ರವನ್ನು ಬಿಡುವಂತೆಯೂ ಇಲ್ಲ. ಕಾಯಿದೆಯನ್ನು ಅಡ್ಡಿಯೆಂದು ದೂರುವುದು ಸುಲಭ. ಆದರೆ ಆ ಕಾಯಿದೆಯ ಹಿಂದೆ ಹುಟ್ಟದೇ ಹೋದ ಹೆಣ್ಣುಮಕ್ಕಳಿದ್ದಾರೆ.

೫

ಮೇಲಿನ ವಿವೇಚನೆಯಿಂದ ನಾವು ಮುಟ್ಟುವ ಅಭಿಪ್ರಾಯ ಇಷ್ಟು. 'ಪ್ರಯೋಗಶಾಲೆಯಿಂದ ಚಿಕಿತ್ಸಾಲಯಕ್ಕೆ' ಎಂಬ ಮಾತು ಎರಡು ವಿಷಯಗಳನ್ನು ಮರೆಮಾಡುತ್ತದೆ. ಹೊರಟದ್ದು ಒಂದು, ತಲುಪಿದೆಯೆಂದು ತೋರಿಸುವುದು ಇನ್ನೊಂದು, ಎಂಬುದು ಮೊದಲನೆಯದು. ನ್ಯಾನೋಗುಳ್ಳೆ, ಸೂಕ್ಷ್ಮಗುಳ್ಳೆ, ಔಷಧವನ್ನು ಹೊತ್ತ ಗುಳ್ಳೆ, ಔಷಧದ ಜೊತೆ ಬರಿದೇ ಹೋದ ಗುಳ್ಳೆ, ಇವುಗಳ ಸಾಕ್ಷ್ಯಗಳನ್ನು ಬೇರೆ ಬೇರೆ ಕಂಬಗಳಲ್ಲಿ ಬರೆಯದಿದ್ದರೆ ಲೆಕ್ಕ ಸರಿಹೋಗದು. ಚಿಕಿತ್ಸಾಲಯವು ದಾರಿಯ ಕೊನೆಯಲ್ಲವೆಂಬುದು ಎರಡನೆಯದು. ಯಂತ್ರವು ಅಲ್ಲಿಗೆ ತಲುಪಿದ ದಿನದಿಂದ ಸಮಾಜದ ಬೇರೊಂದು ಕಥೆ ಮೊದಲಾಗುತ್ತದೆ. ಭಾರತದಲ್ಲಿ ಅದು ಈಗಾಗಲೇ ಒಮ್ಮೆ ಆಗಿದೆ.

ಹೀಗೆಂದು ಕೆಲಸವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನವರಿಗೆ ಕೆಲವು ತಿಂಗಳು ದೊರೆಯುವುದೂ ಅಲ್ಪವಲ್ಲ. ಬೆಂಗಳೂರಿನಲ್ಲಿ ಇಂಥ ಪರೀಕ್ಷೆ ಎಂದಾದರೂ ನಡೆದರೆ, ಇಲ್ಲಿ ಒಂದು ಅನುಕೂಲ ಸಿದ್ಧವಾಗಿದೆ. ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಆಶ್ರಯದಲ್ಲಿ ೧೯೮೨ರಿಂದ ಈ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದುಬಂದಿದೆ; ದೇಶದ ಮೊದಲ ಕೆಲವು ನೋಂದಣಿಗಳಲ್ಲಿ ಇದೂ ಒಂದು. ಯಾವ ರೋಗ, ಯಾವ ವಯಸ್ಸು, ಎಷ್ಟು ಮಂದಿ ಎಂಬುದಕ್ಕೆ ಇಂಥ ದಾಖಲೆ ದೃಢವಾದ ಆಧಾರ. ಆದರೆ ಹೊಸ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಅದಕ್ಕೆ ಕೇಳಬಾರದು. ಆ ಪ್ರಶ್ನೆಗೆ ಉತ್ತರ ಒಂದೇ ಕಾಲದಲ್ಲಿ, ಒಂದೇ ಆಸ್ಪತ್ರೆಯಲ್ಲಿ, ಚೀಟಿ ಎತ್ತಿ ಬೇರ್ಪಡಿಸಿದ ಎರಡು ಗುಂಪುಗಳಿಂದ ಬರಬೇಕು. ಧ್ವನಿಯ ಒತ್ತಡ, ಗುಳ್ಳೆಯ ಗಾತ್ರ ಮತ್ತು ಸಂಖ್ಯೆ, ಔಷಧದ ಪ್ರಮಾಣ, ಈ ಮೂರನ್ನೂ ಪ್ರತಿಯೊಬ್ಬ ರೋಗಿಗೂ ಬರೆದಿಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮುಂದೆ ಆ ದಾಖಲೆಯನ್ನು ಓದುವವರಿಗೆ ಏನು ಕೊಟ್ಟರೆಂಬುದೇ ತಿಳಿಯುವುದಿಲ್ಲ.

೧೯೪೨ರಲ್ಲಿ ಆಸ್ಟ್ರಿಯದ ಕಾರ್ಲ್ ಡುಸಿಕ್ ಎಂಬ ವೈದ್ಯರು ತಲೆಯ ಮೂಲಕ ಶ್ರವಣಾತೀತ ಧ್ವನಿಯನ್ನು ಹಾಯಿಸಿ ಮೆದುಳಿನ ಕುಹರಗಳನ್ನು ಕಾಣಬಹುದೆಂದು ಪ್ರಕಟಿಸಿದರು. ಅವರ ಚಿತ್ರಗಳಲ್ಲಿದ್ದ ಆಕೃತಿಗಳಿಗೆ ಬಹುಮಟ್ಟಿಗೆ ತಲೆಬುರುಡೆಯ ಮೂಳೆಯೇ ಕಾರಣವೆಂದು ೧೯೫೦ರ ದಶಕದಲ್ಲಿ ಇತರರು ತೋರಿಸಿಕೊಟ್ಟರು. ಡುಸಿಕ್ ಅವರ ಗುರಿ ತಪ್ಪಾಗಿರಲಿಲ್ಲ. ವೈದ್ಯಶಾಸ್ತ್ರವು ಅದೇ ದಿಕ್ಕಿನಲ್ಲಿ ಮುಂದುವರಿಯಿತು. ಆದರೆ ಅವರು ಕಂಡದ್ದು ಮೆದುಳನ್ನಲ್ಲ, ಮೂಳೆಯನ್ನು. ಆ ವ್ಯತ್ಯಾಸವನ್ನು ಪರೀಕ್ಷಿಸಿ ಹೇಳಿದವರಿಂದಲೇ ಶಾಸ್ತ್ರ ಉಳಿಯಿತು. ನ್ಯಾನೋಗುಳ್ಳೆಯ ವಿದ್ವಾಂಸರಿಂದ ನಾವು ಅಪೇಕ್ಷಿಸುವುದೂ ಅಂಥ ಪರೀಕ್ಷೆಯನ್ನೇ.